ಕಾಲಿನ ಬಲ, ಬಿಪಿ ಮಾತ್ರೆ ಮತ್ತು ಚಿಲಕದ ಹಗ್ಗ

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಒಂದು ಬಿಪಿಯದ್ದು, ಒಂದು ಪಾಠದ್ದು, ಒಂದು ಕಾಫಿಯದ್ದು, ಒಂದು ಜೋಳದ ಹೊಲದ್ದು, ಒಂದು ಆಪರೇಷನ್‌ದು. ಐದಕ್ಕೂ ಉತ್ತರ ಸಿಗುವುದು ಒಂದೇ ಜಾಗದಲ್ಲಿ, ನಮ್ಮ ಸ್ನಾಯುಕೋಶದ ಪೊರೆಯಲ್ಲಿ ಕ್ಯಾಲ್ಸಿಯಂ ಹಾಯುವ ಬಾಗಿಲಾದ ಕ್ಯಾಲ್ಸಿಯಂ ಚಾನೆಲ್‌ನಲ್ಲಿ. ಮೆಡಿಕಲ್ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಫಿಸಿಯಾಲಜಿ ಪಾಠ ಮಾಡಿದವಳು ನಾನು. ಎಲ್ಲಕ್ಕಿಂತ ಇಷ್ಟಪಟ್ಟು ಮಾಡಿದ ಪಾಠ ಇದು.

ಪ್ರಶ್ನೆ: ಮೇಡಂ, ನನಗೆ 62 ವರ್ಷ. ಎಂಟು ತಿಂಗಳಿಂದ ಬಿಪಿಗೆ ಆಮ್ಲೋಡಿಪಿನ್ ತಗೊಳ್ತಾ ಇದ್ದೀನಿ. ಈಗ ಮೂಳೆ ಡಾಕ್ಟರು ಕ್ಯಾಲ್ಸಿಯಂ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ. ಒಂದು ಕ್ಯಾಲ್ಸಿಯಂ ತಡೆಯೋದು, ಇನ್ನೊಂದು ಕ್ಯಾಲ್ಸಿಯಂ ಕೊಡೋದು, ಎರಡೂ ಒಳಗೆ ಹೊಡೆದಾಡ್ತವೆ ಅಂತ ಪಕ್ಕದ ಮನೆಯವರು ಹೇಳಿದರು. ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತೆ. ಸ್ನಾಯು ಕೆಲಸ ಮಾಡೋಕೆ ಕ್ಯಾಲ್ಸಿಯಂ ಬೇಕಂತಲ್ಲ, ಈ ಮಾತ್ರೆಯಿಂದ ಕಾಲಿನ ಬಲ ಹೋಗುತ್ತಾ? ಬಿಟ್ಟುಬಿಡಲಾ?
— ಗೃಹಿಣಿ, ಜಯನಗರ

ಬಿಡಬೇಡಿ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ, ಇದು ಮೊದಲು.

ಚಾಮರಾಜಪೇಟೆಯಲ್ಲಿದ್ದ ನನ್ನ ಚಿಕ್ಕಮ್ಮ ಇಂಥದೇ ಮಾತು ಕೇಳಿ, ಯಾರಿಗೂ ಹೇಳದೆ ಬಿಪಿ ಮಾತ್ರೆ ನಿಲ್ಲಿಸಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ತಲೆ ಸಿಡಿಯುತ್ತೆ ಅಂತ ಶುರುವಾಯಿತು. ರಾತ್ರಿ ಹನ್ನೊಂದಕ್ಕೆ ಆಟೋದಲ್ಲಿ ಕರೆದುಕೊಂಡು ಹೋದಾಗ ಮೇಲಿನ ಅಂಕಿ 210 ಇತ್ತು. ಪುಣ್ಯಕ್ಕೆ ಉಳಿದುಕೊಂಡರು. ಮಾರನೇ ದಿನ ಮನೆಗೆ ಹೋಗಿ ನೋಡಿದರೆ ಮಾತ್ರೆಯ ಹಾಳೆಗಳೆಲ್ಲ ದೇವರ ಗೂಡಿನಲ್ಲಿ, ಕುಂಕುಮದ ಡಬ್ಬಿಯ ಹಿಂದೆ ಜೋಡಿಸಿಟ್ಟಿದ್ದರು. ಆ ಮಾತ್ರೆ ಏನು ಮಾಡುತ್ತದೆ ಅಂತ ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ. ಅದಕ್ಕೇ ನಿಮಗೆ ವಿವರವಾಗಿ ಬರೆಯುತ್ತಿದ್ದೇನೆ.

ಈ ಮಾತ್ರೆಯನ್ನು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಅನ್ನುತ್ತಾರೆ. ಹೆಸರು ಕೇಳಿದರೆ ಮೈಯಲ್ಲಿರುವ ಕ್ಯಾಲ್ಸಿಯಂ ಎಲ್ಲ ತಡೆಯುತ್ತದೆ ಅನಿಸುತ್ತದೆ. ಹಾಗಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರುತ್ತದೆ. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು, ವಿಟಮಿನ್ ಡಿ, ಕಿಡ್ನಿ ಎಲ್ಲ ಸೇರಿ ಅದನ್ನು ಆ ಗಡಿಯೊಳಗೇ ಕಾಯುತ್ತವೆ. ಬಿಪಿ ಮಾತ್ರೆ ಅದನ್ನು ಇಳಿಸುವುದಿಲ್ಲ. ಬರೆದುಕೊಟ್ಟಷ್ಟೇ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಂಡರೆ ಬಿಪಿ ಮಾತ್ರೆಯ ಕೆಲಸವೂ ಕೆಡುವುದಿಲ್ಲ. ಹೊಡೆದಾಟ ಏನೂ ಇಲ್ಲ.

ಆಮ್ಲೋಡಿಪಿನ್ ಹೋಗಿ ಕೂರುವುದು ಮುಖ್ಯವಾಗಿ ರಕ್ತನಾಳದ ಗೋಡೆಯ ಸ್ನಾಯುವಿನಲ್ಲಿರುವ ಚಾನೆಲ್‌ನಲ್ಲಿ. ಆ ಸ್ನಾಯು ಬಿಗಿಯಬೇಕಾದರೆ ಹೊರಗಿನಿಂದ ಕ್ಯಾಲ್ಸಿಯಂ ಒಳಗೆ ಬರಬೇಕು. ಬರುವ ದಾರಿ ಕಿರಿದಾದರೆ ಗೋಡೆ ಸಡಿಲವಾಗುತ್ತದೆ, ಒತ್ತಡ ಇಳಿಯುತ್ತದೆ. ಪಾದ ಊದುವುದೂ ಹೆಚ್ಚಾಗಿ ಇದರಿಂದಲೇ. ರಕ್ತ ತರುವ ಸಣ್ಣ ನಾಳಗಳು ಅಗಲವಾಗುತ್ತವೆ, ವಾಪಸು ಒಯ್ಯುವ ನಾಳಗಳು ಅಷ್ಟು ಅಗಲವಾಗುವುದಿಲ್ಲ. ನಡುವೆ ಒತ್ತಡ ಹೆಚ್ಚಿ ನೀರು ಜಿನುಗುತ್ತದೆ. ಊತಕ್ಕೆ ಬೇರೆ ಕಾರಣಗಳೂ ಇರುವುದರಿಂದ ಡಾಕ್ಟರಿಗೆ ಒಮ್ಮೆ ತೋರಿಸಿ. ಮಾತ್ರೆಯದೇ ಆದರೆ ಪ್ರಮಾಣ ಇಳಿಸುತ್ತಾರೆ, ಅಥವಾ ಜೊತೆಗೆ ಇನ್ನೊಂದು ಔಷಧಿ ಸೇರಿಸುತ್ತಾರೆ.

ಇನ್ನು ಕಾಲಿನ ಬಲ. ನಿಮ್ಮ ಬೀದಿಯಲ್ಲೂ ಕಾವೇರಿ ನೀರು ದಿನವಿಡೀ ಬರುವುದಿಲ್ಲ ಅಲ್ವಾ? ಆದರೂ ಅಡುಗೆಮನೆಯ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಮೇಲೆ ಟ್ಯಾಂಕ್ ಇದೆ. ಕೈಕಾಲಿನ ಸ್ನಾಯುಗಳೂ ಹಾಗೇ. ಒಂದೊಂದು ಸ್ನಾಯುಕೋಶದೊಳಗೂ ಕ್ಯಾಲ್ಸಿಯಂ ತುಂಬಿಟ್ಟ ಟ್ಯಾಂಕ್ ಇದೆ. ಹೆಜ್ಜೆ ಎತ್ತಿದಾಗ ಕ್ಯಾಲ್ಸಿಯಂ ಬರುವುದು ಆ ಟ್ಯಾಂಕಿನಿಂದ. ರಕ್ತನಾಳದ ಸ್ನಾಯು ಹೆಚ್ಚಾಗಿ ಬೀದಿಯ ಪೈಪನ್ನು ನಂಬಿಕೊಂಡದ್ದು, ಕಾಲಿನ ಸ್ನಾಯು ತನ್ನ ಟ್ಯಾಂಕನ್ನು. ನಿಮ್ಮ ಮಾತ್ರೆ ಬಿಗಿ ಮಾಡುವುದು ಬೀದಿಯ ಪೈಪಿನ ನಲ್ಲಿಯನ್ನು.

ಕಾಲಿನ ಸ್ನಾಯುವಿನ ಮೇಲ್ಪೊರೆಯಲ್ಲೂ ಇದೇ ಜಾತಿಯ ಒಂದು ಚಾನೆಲ್ ಇದೆ, ನಿಜ. ಆದರೆ ಅದರ ಮೂಲಕ ಕ್ಯಾಲ್ಸಿಯಂ ಹಾಯಲೇಬೇಕು ಅಂತೇನಿಲ್ಲ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ಆ ಚಾನೆಲ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿ, ಕ್ಯಾಲ್ಸಿಯಂ ಒಂದಿಷ್ಟೂ ಹಾಯದಂತೆ ಮಾಡಿದರು. ಇಲಿಗಳ ಸ್ನಾಯುವಿನ ಬಲ ಕುಗ್ಗಲಿಲ್ಲ. ಮೆಟ್ಟಿಲು ಹತ್ತುವಾಗ ನಿಜವಾಗಲೂ ಕಾಲು ಸೋಲುತ್ತಿದ್ದರೆ ವಿಟಮಿನ್ ಡಿ, ಥೈರಾಯ್ಡ್, ಸಕ್ಕರೆ, ಮಂಡಿ ಇವನ್ನೆಲ್ಲ ನೋಡಿಸಿ. ಆಮ್ಲೋಡಿಪಿನ್ ಮೇಲೆ ತಪ್ಪು ಹೊರಿಸಿ ಡಬ್ಬಿಗೆ ಹಾಕಬೇಡಿ.

ಪ್ರಶ್ನೆ: ನಮ್ಮ ಬಯಾಲಜಿ ಪುಸ್ತಕದಲ್ಲಿ ನರದಿಂದ ಸಂದೇಶ ಬಂದ ಕೂಡಲೇ ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಿಂದ ಕ್ಯಾಲ್ಸಿಯಂ ಬಿಡುಗಡೆ ಆಗುತ್ತದೆ ಅಂತ ಇದೆ. ಬಿಡುಗಡೆ ಮಾಡೋದು ಯಾರು? ಅದು ನೋಡೋಕೆ ಹೇಗಿದೆ? ಕ್ಲಾಸಿನಲ್ಲಿ ಕೇಳಿದ್ದಕ್ಕೆ ಪರೀಕ್ಷೆಗೆ ಅಷ್ಟು ಸಾಕು ಅಂದರು.
— ಪ್ರಥಮ ಪಿಯುಸಿ ವಿದ್ಯಾರ್ಥಿನಿ, ವಿಜಯನಗರ

ಪರೀಕ್ಷೆಗೆ ಸಾಕು ಮಗು, ನಿನಗೆ ಸಾಲದು. ನೀನು ಕೈ ಇಟ್ಟಿರುವ ಜಾಗದಲ್ಲಿ ವಿಜ್ಞಾನಿಗಳು ನೂರು ವರ್ಷಕ್ಕಿಂತ ಜಾಸ್ತಿ ಕೂತಿದ್ದಾರೆ.

ನಾನು ಓದುವಾಗ ನಮ್ಮ ಲ್ಯಾಬಿನಲ್ಲಿ ಕಪ್ಪೆಯ ಮೇಲೆ ಪ್ರಯೋಗ ಮಾಡಿಸುತ್ತಿದ್ದರು. ಈಗ ಅದು ನಿಂತಿದೆ, ನಿಂತದ್ದೇ ಒಳ್ಳೆಯದು. ಕಾಗದಕ್ಕೆ ಹೊಗೆಯ ಮಸಿ ಹಿಡಿಸಿ ಡ್ರಮ್ಮಿಗೆ ಸುತ್ತಿ ತಿರುಗಿಸಿದರೆ, ಸ್ನಾಯು ಕುಗ್ಗಿದಾಗಲೆಲ್ಲ ಸೂಜಿ ಬಿಳಿ ಗೆರೆ ಎಳೆಯುತ್ತಿತ್ತು. ಕ್ಯಾಲ್ಸಿಯಂ ಇಲ್ಲದ ಉಪ್ಪುನೀರು ಹಾಯಿಸಿದರೆ ಕಪ್ಪೆಯ ಹೃದಯದ ಗೆರೆ ಚಿಕ್ಕದಾಗುತ್ತಾ ಹೋಗಿ ನಿಂತುಬಿಡುತ್ತಿತ್ತು. ಅದೇ ನೀರಿನಲ್ಲಿ ಕಾಲಿನ ಸ್ನಾಯುವನ್ನು ಇಟ್ಟರೆ ಎಷ್ಟೋ ಹೊತ್ತು ಎಳೆಯುತ್ತಲೇ ಇರುತ್ತಿತ್ತು. ಎರಡೂ ಸ್ನಾಯುವೇ, ಎರಡಕ್ಕೂ ಕ್ಯಾಲ್ಸಿಯಂ ಬೇಕೇ ಬೇಕು. ಮತ್ತೆ ಯಾಕೆ ಹೀಗೆ? ಹತ್ತೊಂಬತ್ತನೇ ವಯಸ್ಸಿನಲ್ಲಿ ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿತು.

ಹೃದಯಕ್ಕೆ ಕ್ಯಾಲ್ಸಿಯಂ ಬೇಕು ಅಂತ ಗೊತ್ತಾದದ್ದೂ ನಲ್ಲಿ ನೀರಿನಿಂದ. ಲಂಡನ್ನಿನ ಡಾಕ್ಟರ್ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಯಿಸುತ್ತಿದ್ದರು. ಭಟ್ಟಿ ಇಳಿಸಿದ ಶುದ್ಧ ನೀರು ಅಂದುಕೊಂಡು ಬಳಸಿದ್ದು ಊರಿನ ಕೊಳಾಯಿ ನೀರಾಗಿತ್ತು. ನಿಜವಾದ ಶುದ್ಧ ನೀರು ಹಾಕಿದಾಗ ಹೃದಯ ನಿಂತಿತು. ಕೊಳಾಯಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತು. 1883ರಲ್ಲಿ ಅವರೇ ಇದನ್ನು ಬರೆದು ಪ್ರಕಟಿಸಿದರು. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದರಲ್ಲಿರುವುದೂ ಇದೇ ಕ್ಯಾಲ್ಸಿಯಂ.

ಈಗ ಕಾಲಿನ ಸ್ನಾಯುವಿಗೆ ಬಾ. ಅದರ ಮೇಲ್ಪೊರೆ ಅಲ್ಲಲ್ಲಿ ಒಳಕ್ಕೆ ಮಡಿಚಿ ಸಣ್ಣ ಕೊಳವೆಯಾಗಿ ಇಳಿದಿರುತ್ತದೆ. ಅದೇ ಟಿ ಟ್ಯೂಬ್ಯೂಲ್. ನರದ ಸಂದೇಶದಿಂದ ಸ್ನಾಯುವಿನಲ್ಲಿ ಹುಟ್ಟಿದ ವಿದ್ಯುತ್ ಈ ಕೊಳವೆಯಲ್ಲಿ ಇಳಿದು ಆಳಕ್ಕೆ ಬರುತ್ತದೆ. ಕೊಳವೆಯ ಎರಡೂ ಪಕ್ಕಕ್ಕೆ ಕ್ಯಾಲ್ಸಿಯಂ ಟ್ಯಾಂಕ್, ಅಂದರೆ ನಿನ್ನ ಪುಸ್ತಕದ ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್, ಒತ್ತಿಕೊಂಡಿದೆ. ಆದರೆ ಅಂಟಿಕೊಂಡಿಲ್ಲ. ನಡುವೆ ಸುಮಾರು 12 ನ್ಯಾನೋಮೀಟರ್ ಸಂದಿ ಇದೆ. ಮೀಟರಿನ ನೂರು ಕೋಟಿ ಭಾಗದಲ್ಲಿ ಒಂದು ಭಾಗ ಅಂದರೆ ಒಂದು ನ್ಯಾನೋಮೀಟರ್. ವಿದ್ಯುತ್ ಆ ಸಂದಿ ದಾಟುವುದಿಲ್ಲ. ಹಾಗಾದರೆ ಸುದ್ದಿ ಮುಟ್ಟಿಸುವವರು ಯಾರು?

ಇಬ್ಬರಿದ್ದಾರೆ. ಕೊಳವೆಯ ಕಡೆ ಇರುವ ಪ್ರೋಟೀನಿನ ಹೆಸರು ಸಿಎವಿ 1.1. ಮೇಲಿನ ಉತ್ತರದಲ್ಲಿ ಹೇಳಿದ ಕಾಲಿನ ಸ್ನಾಯುವಿನ ಚಾನೆಲ್ ಇದೇ. ಟ್ಯಾಂಕಿನ ಕಡೆ ಇರುವುದು ರಯನೊಡಿನ್ ರಿಸೆಪ್ಟರ್.

ನಮ್ಮ ಹಳೆಯ ಮಲ್ಲೇಶ್ವರದ ಮನೆಯಲ್ಲಿ ಮಹಡಿಯಿಂದ ಬೀದಿ ಬಾಗಿಲಿನ ಚಿಲಕಕ್ಕೆ ಒಂದು ಹಗ್ಗ ಕಟ್ಟಿದ್ದರು. ಯಾರಾದರೂ ಕೂಗಿದರೆ ಅಜ್ಜಿ ಮೇಲಿಂದಲೇ ಎಳೆಯುತ್ತಿದ್ದರು, ಕೆಳಗೆ ಚಿಲಕ ಸರಿಯುತ್ತಿತ್ತು. ಮೆಟ್ಟಿಲು ಇಳಿಯುವ ಕೆಲಸ ಇರಲಿಲ್ಲ. ಸಿಎವಿ 1.1 ಆ ಅಜ್ಜಿ. ರಯನೊಡಿನ್ ರಿಸೆಪ್ಟರ್ ಆ ಬಾಗಿಲು.

ಅಜ್ಜಿಗೆ ಕೂಗು ಕೇಳಿಸುವುದು ಹೇಗೆ? ಸಿಎವಿ 1.1ರ ಮುಖ್ಯ ಸರಪಳಿಯಲ್ಲಿ ನಾಲ್ಕು ಭಾಗಗಳು. ಒಂದೊಂದು ಭಾಗವೂ ಪೊರೆಯನ್ನು ಆರು ಸಲ ಹಾಯುತ್ತದೆ, ಒಟ್ಟು 24 ಸಲ. ಪ್ರತಿ ಭಾಗದ ನಾಲ್ಕನೇ ಎಳೆಯ ಮೇಲೆ ಪಾಸಿಟಿವ್ ಚಾರ್ಜ್ ಇರುವ ಅಮೈನೋ ಆಮ್ಲಗಳು ಸಾಲಾಗಿ ಕೂತಿವೆ. ಸ್ನಾಯು ಸುಮ್ನೆ ಇರುವಾಗ ಕೋಶದ ಒಳಗೆ ಸುಮಾರು 90 ಮಿಲಿವೋಲ್ಟ್ ನೆಗೆಟಿವ್ ಇರುತ್ತದೆ. ಆ ಎಳೆ ಒಳಕ್ಕೆ ಎಳೆದುಕೊಂಡಿರುತ್ತದೆ. ಸಂದೇಶ ಬಂದು ವೋಲ್ಟೇಜ್ ತಿರುಗಿದ ಕೂಡಲೇ ಎಳೆ ಹೊರಕ್ಕೆ ಜರುಗುತ್ತದೆ. ಪ್ರೋಟೀನಿನ ಆಕಾರ ಬದಲಾಗುತ್ತದೆ. ಹೀಗೆ ಚಾರ್ಜ್ ಜರುಗುವುದನ್ನು 1973ರಲ್ಲಿ ಷ್ನೈಡರ್ ಮತ್ತು ಚಾಂಡ್ಲರ್ ಅಳೆದು ತೋರಿಸಿದರು. ಆಗ ಈ ಪ್ರೋಟೀನಿನ ಚಿತ್ರ ಯಾರ ಬಳಿಯೂ ಇರಲಿಲ್ಲ ಅನ್ನುವುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬಾಗಿಲಿನ ಗಾತ್ರ ಕೇಳು. ರಯನೊಡಿನ್ ರಿಸೆಪ್ಟರಿನಲ್ಲಿ ಒಂದೇ ಥರದ ನಾಲ್ಕು ತುಂಡುಗಳು. ಒಂದೊಂದರಲ್ಲೂ ಐದು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಅಮೈನೋ ಆಮ್ಲಗಳು. ಒಟ್ಟು ತೂಕ 22 ಲಕ್ಷ ಡಾಲ್ಟನ್‌ಗೂ ಮೇಲೆ. ನೀನು ಓದಿರುವ ಹಿಮೋಗ್ಲೋಬಿನ್ ಸುಮಾರು 64 ಸಾವಿರ ಡಾಲ್ಟನ್. ಅದರ ಮೂವತ್ತು ಪಟ್ಟಿಗೂ ದೊಡ್ಡದು ಇದು. ಗೊತ್ತಿರುವ ಅಯಾನ್ ಚಾನೆಲ್‌ಗಳಲ್ಲೆಲ್ಲ ಅತಿ ದೊಡ್ಡದು. ಆಕಾರ ಅಣಬೆಯ ಹಾಗೆ: ಕಾಂಡ ಟ್ಯಾಂಕಿನ ಪೊರೆಯಲ್ಲಿ ನೆಟ್ಟಿದೆ, ಅಗಲವಾದ ಕೊಡೆ ಸಂದಿಯನ್ನು ತುಂಬಿಕೊಂಡಿದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಈ ಕೊಡೆಗಳು ಸಾಲು ಪಾದಗಳಂತೆ ಕಾಣುತ್ತವೆ. ಅದನ್ನು ನೋಡಿ ಕ್ಲಾರಾ ಫ್ರಾಂಜಿನಿ-ಆರ್ಮ್‌ಸ್ಟ್ರಾಂಗ್ ಪಾದಗಳು ಅಂತಲೇ ಕರೆದರು. ಸಿಎವಿ 1.1 ನಾಲ್ಕು ನಾಲ್ಕಾಗಿ ಗುಂಪು ಕಟ್ಟಿ, ಒಂದು ಬಿಟ್ಟು ಒಂದು ಪಾದದ ಎದುರಿಗೆ ನಿಂತಿರುತ್ತದೆ ಅಂತ ಕಂಡುಕೊಂಡ ತಂಡದಲ್ಲೂ ಅವರಿದ್ದರು.

ಹಗ್ಗ ಎಲ್ಲಿದೆ? ಇದಕ್ಕೆ ಉತ್ತರ ಕೊಟ್ಟ ಪ್ರಯೋಗ ನನಗೆ ತುಂಬಾ ಇಷ್ಟ. ಹುಟ್ಟಿನಿಂದಲೇ ಸಿಎವಿ 1.1 ಇಲ್ಲದ ಇಲಿಮರಿಗಳಿವೆ. ಅವಕ್ಕೆ ಉಸಿರಾಡುವ ಸ್ನಾಯುವೂ ಕುಗ್ಗುವುದಿಲ್ಲ, ಹುಟ್ಟುತ್ತಲೇ ಸಾಯುತ್ತವೆ. 1988ರಲ್ಲಿ ತ್ಸುಟೋಮು ತನಾಬೆ ಮತ್ತು ಅವರ ಜೊತೆಯವರು ಅಂಥ ಮರಿಗಳ ಸ್ನಾಯುಕೋಶಕ್ಕೆ ಈ ಪ್ರೋಟೀನಿನ ಡಿಎನ್ಎ ಹಾಕಿದರು. ಸತ್ತಂತಿದ್ದ ಕೋಶ ಕುಗ್ಗಿತು. ಆಮೇಲೆ ಅದೇ ಜಾಗಕ್ಕೆ ಹೃದಯದ ಚಾನೆಲ್ ಹಾಕಿ ನೋಡಿದರು. ಕುಗ್ಗಿತು, ಆದರೆ ಹೊರಗೆ ಕ್ಯಾಲ್ಸಿಯಂ ಇದ್ದರೆ ಮಾತ್ರ. 1990ರಲ್ಲಿ ಹೃದಯದ ಚಾನೆಲ್‌ನ ಎರಡನೇ ಮತ್ತು ಮೂರನೇ ಭಾಗಗಳ ನಡುವಿನ ಕುಣಿಕೆಯನ್ನಷ್ಟೇ ತೆಗೆದು ಕಾಲಿನ ಸ್ನಾಯುವಿನದನ್ನು ಜೋಡಿಸಿದರು. ಹೊರಗಿನ ಕ್ಯಾಲ್ಸಿಯಂ ಬೇಕಾಗಲೇ ಇಲ್ಲ. ಆ ಕುಣಿಕೆಯೇ ಹಗ್ಗದ ಮುಖ್ಯ ಎಳೆ. ಜೊತೆಗೆ ಇನ್ನೂ ಕೆಲವು ಸಹಾಯಕ ಪ್ರೋಟೀನ್‌ಗಳು ಬೇಕು ಅಂತ ಆಮೇಲೆ ಗೊತ್ತಾಯಿತು.

ನನ್ನ ಹತ್ತೊಂಬತ್ತನೇ ವಯಸ್ಸಿನ ಪ್ರಶ್ನೆಗೂ ಉತ್ತರ ಇದೇ. ಹೃದಯದಲ್ಲಿ ಹಗ್ಗ ಇಲ್ಲ. ಅಲ್ಲಿ ಚಾನೆಲ್ ತೆರೆದು ಹೊರಗಿನ ಕ್ಯಾಲ್ಸಿಯಂ ಸ್ವಲ್ಪ ಒಳಗೆ ಬಂದು, ತಾನೇ ಹೋಗಿ ಟ್ಯಾಂಕಿನ ಬಾಗಿಲು ತಟ್ಟಬೇಕು. ಅದಕ್ಕೇ ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಹೃದಯ ನಿಂತಿತು, ಕಾಲು ಎಳೆಯಿತು. ನಮ್ಮ ಕೆರೆಗಳ ಮೂಳೆಮೀನುಗಳ ಮೈಸ್ನಾಯುವಿನಲ್ಲಂತೂ ಸಿಎವಿ 1.1ರ ಮೂಲಕ ಕ್ಯಾಲ್ಸಿಯಂ ಹಾಯುವುದೇ ಇಲ್ಲ. ಚಾನೆಲ್ ಅನ್ನುವ ಹೆಸರು ಉಳಿದಿದೆ, ಮಾಡುವುದೆಲ್ಲ ಹಗ್ಗ ಎಳೆಯುವ ಕೆಲಸ.

ಬಾಗಿಲು ತೆರೆದಾಗ ಏನಾಗುತ್ತದೆ ಅನ್ನುವುದು ನಿನ್ನ ಪುಸ್ತಕದಲ್ಲಿದೆ: ಕ್ಯಾಲ್ಸಿಯಂ ಟ್ರೋಪೋನಿನ್‌ಗೆ ಅಂಟುತ್ತದೆ, ಸ್ನಾಯುವನ್ನು ಕುಗ್ಗಿಸುವ ಎಳೆಗಳಾದ ಆಕ್ಟಿನ್ ಮತ್ತು ಮಯೋಸಿನ್ ಹಿಡಿದುಕೊಳ್ಳುತ್ತವೆ. ಆಮೇಲೆ ಸರ್ಕಾ ಅನ್ನುವ ಪಂಪು, ಕೋಶದ ಇಂಧನವಾದ ಎಟಿಪಿಯ ಒಂದು ಅಣುವಿಗೆ ಎರಡರಂತೆ ಕ್ಯಾಲ್ಸಿಯಂ ಅಯಾನ್‌ಗಳನ್ನು ಟ್ಯಾಂಕಿಗೆ ವಾಪಸು ಏರಿಸುತ್ತದೆ. ಸಂಪಿನಿಂದ ಮೇಲಕ್ಕೆ ನೀರೆತ್ತುವ ಮೋಟರ್‌ಗೆ ಕರೆಂಟ್ ಬೇಕಲ್ಲ, ಹಾಗೆ.

ಬಾಗಿಲಿನ ಸ್ಪಷ್ಟ ಚಿತ್ರ ಸಿಕ್ಕಿದ್ದು ತೀರಾ ಈಚೆಗೆ. 2015ರ ಜನವರಿಯಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ನ್ಯೂಯಾರ್ಕ್, ಬೀಜಿಂಗ್ ಮತ್ತು ಜರ್ಮನಿಯ ಡಾರ್ಟ್ಮುಂಡ್‌ನ ಮೂರು ತಂಡಗಳು ಮೊಲದ ಸ್ನಾಯುವಿನ ಈ ಪ್ರೋಟೀನಿನ ರಚನೆ ಕೊಟ್ಟವು. ಪ್ರೋಟೀನನ್ನು ಚಕ್ಕನೆ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಸಾವಿರಾರು ಚಿತ್ರ ತೆಗೆದು ಜೋಡಿಸುವ ವಿಧಾನ ಅದು. ನ್ಯೂಯಾರ್ಕ್ ತಂಡದಲ್ಲಿದ್ದ ಯೋಆಖಿಮ್ ಫ್ರಾಂಕ್ ಈ ವಿಧಾನ ಬೆಳೆಸಿದ್ದಕ್ಕೆ 2017ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಸಿಎವಿ 1.1ರ ರಚನೆ ಬಂದದ್ದೂ 2015ರಲ್ಲೇ, ಬೀಜಿಂಗಿನ ನಿಯೆಂಗ್ ಯಾನ್ ಅವರ ತಂಡದಿಂದ.

ಇಂಥ ಮೈಕ್ರೋಸ್ಕೋಪ್ ಈಗ ನಮ್ಮ ಊರಿನಲ್ಲೂ ಇದೆ, ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕಡೆ. ಅಲ್ಲೇ ಗೈತಿ ಹಸನ್ ಅವರು ಹಣ್ಣುನೊಣಗಳಲ್ಲಿ, ರಯನೊಡಿನ್ ರಿಸೆಪ್ಟರಿನ ನೆಂಟನಂಥ ಇನ್ನೊಂದು ಕ್ಯಾಲ್ಸಿಯಂ ಬಾಗಿಲಿನ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಐಐಎಸ್‌ಸಿಯಲ್ಲಿ ವರ್ಷಕ್ಕೊಮ್ಮೆ ಓಪನ್ ಡೇ ಇರುತ್ತದೆ, ಯಾರು ಬೇಕಾದರೂ ಹೋಗಬಹುದು. ಹೋಗು. ಈ ಪ್ರಶ್ನೆಯನ್ನು ಅಲ್ಲೂ ಕೇಳು.

ಪ್ರಶ್ನೆ: ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ ಕುಡಿಯುತ್ತೇನೆ. ಕೆಫೀನ್ ಸ್ನಾಯುವಿನ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ ಅಂತ ಓದಿದೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಅದರಿಂದಲಾ?
— ನಿವೃತ್ತ ನೌಕರ, ಬಸವನಗುಡಿ

ಓದಿದ್ದು ಸರಿ, ಆದರೆ ಅದು ಲ್ಯಾಬಿನ ಮಾತು. ಬಾಗಿಲು ತೆರೆಯುವಷ್ಟು ಕೆಫೀನ್ ನಿಮ್ಮ ರಕ್ತದಲ್ಲಿ ಬರಬೇಕಾದರೆ ಈಗಿನದರ ನೂರು ಪಟ್ಟಿನಷ್ಟು ಬೇಕು, ಅಷ್ಟು ಕುಡಿದವರು ಬದುಕುವುದಿಲ್ಲ. ಕಾಫಿ ಚುರುಕು ತರುವುದು ಮಿದುಳಿನಲ್ಲಿ ತೂಕಡಿಕೆ ತರುವ ಅಡೆನೊಸಿನ್ ರಿಸೆಪ್ಟರ್‌ಗಳನ್ನು ತಡೆದು. ಮೀನಖಂಡ ಹಿಡಿಯುವುದು ಹೆಚ್ಚಾಗಿ ನರ ತಾನಾಗಿಯೇ ಸಂದೇಶ ಕಳಿಸುವುದರಿಂದ. ಮಲಗುವ ಮೊದಲು ಗೋಡೆಗೆ ಕೈ ಕೊಟ್ಟು, ಹಿಮ್ಮಡಿ ಊರಿ, ಮೀನಖಂಡ ಚೆನ್ನಾಗಿ ಚಾಚಿ. ಬೆಳಗಿನ ಕಾಫಿ ಬಿಡಬೇಕಾಗಿಲ್ಲ.

ಪ್ರಶ್ನೆ: ಮೆಕ್ಕೆಜೋಳದ ಸೈನಿಕ ಹುಳುವಿಗೆ ಕ್ಲೋರಾಂಟ್ರಾನಿಲಿಪ್ರೋಲ್ ಹೊಡೆದೆವು. ಹುಳು ಸಾಯೋಕೆ ಮುಂಚೆಯೇ ತಿನ್ನೋದು ನಿಲ್ಲಿಸಿಬಿಡುತ್ತೆ. ಯಾಕೆ?
— ರೈತ, ದೇವನಹಳ್ಳಿ ಕಡೆಯಿಂದ

ಎಷ್ಟು ಚೆನ್ನಾಗಿ ಗಮನಿಸಿದ್ದೀರಿ! ಆ ಔಷಧಿ ಹುಳುವಿನ ರಯನೊಡಿನ್ ರಿಸೆಪ್ಟರ್‌ಗೆ ಅಂಟಿ, ಬಾಗಿಲು ಮುಚ್ಚದಂತೆ ಹಿಡಿಯುತ್ತದೆ. ಟ್ಯಾಂಕ್ ಬರಿದಾಗುತ್ತದೆ, ಸ್ನಾಯುಗಳು ಬಿಗಿದು ಸೋಲುತ್ತವೆ. ದವಡೆಯೂ ಸ್ನಾಯುವೇ ಅಲ್ವಾ? ಅದಕ್ಕೇ ಬೆಳೆ ಮೊದಲೇ ಉಳಿಯುತ್ತದೆ, ಹುಳು ಆಮೇಲೆ ಸಾಯುತ್ತದೆ. ನಮ್ಮ ಸ್ನಾಯುವಿನ ಬಾಗಿಲಿಗೆ ಅದು ಅಷ್ಟು ಬಿಗಿಯಾಗಿ ಅಂಟುವುದಿಲ್ಲ. ಹಾಗಂತ ಮುಖಕ್ಕೆ ಬಟ್ಟೆ, ಕೈಗೆ ಗವಸು ಬಿಡಬೇಡಿ. ಪ್ರೋಟೀನಿಗೆ ಆ ಹೆಸರು ಬಂದದ್ದೂ ಕೀಟನಾಶಕದಿಂದಲೇ. ರಯನಿಯಾ ಅನ್ನುವ ದಕ್ಷಿಣ ಅಮೆರಿಕದ ಗಿಡದ ಪುಡಿಯನ್ನು ಹಿಂದೆ ಹುಳಕ್ಕೆ ಹಾಕುತ್ತಿದ್ದರು. ಅದರೊಳಗಿನ ವಿಷ ರಯನೊಡಿನ್. ಒಂದು ಎಚ್ಚರಿಕೆ: ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಬಾಗಿಲಿನ ಆಕಾರ ಬದಲಾದ ಹುಳುಗಳೇ ಉಳಿದುಕೊಳ್ಳುತ್ತವೆ. ಎಲೆಕೋಸು ತಿನ್ನುವ ವಜ್ರಬೆನ್ನಿನ ಪತಂಗದಲ್ಲಿ ಇದು ಆಗಿದೆ. ಔಷಧಿ ಬದಲಿಸುತ್ತಾ ಹೋಗಿ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಆರು ವರ್ಷದ ಮಗನಿಗೆ ಟಾನ್ಸಿಲ್ ಆಪರೇಷನ್ ಇದೆ. ಎಷ್ಟೋ ವರ್ಷದ ಹಿಂದೆ ನನ್ನ ಅಣ್ಣನಿಗೆ ಆಪರೇಷನ್ ಟೇಬಲ್ ಮೇಲೆ ದವಡೆ ಕಚ್ಚಿಕೊಂಡು, ಮೈಯೆಲ್ಲ ಸೆಟೆದು, ಜ್ವರ ವಿಪರೀತ ಏರಿತ್ತಂತೆ. ಅಮ್ಮ ಅದನ್ನು ಯಾರ ಹತ್ತಿರವೂ ಹೇಳಬೇಡ ಅಂತಾರೆ. ಡಾಕ್ಟರಿಗೆ ಹೇಳಬೇಕಾ?
— ತಾಯಿ, ಯಲಹಂಕ

ಹೇಳಲೇಬೇಕು. ಈ ಸಂಚಿಕೆ ಕೈಗೆ ಬಂದ ದಿನವೇ ಹೇಳಿ.

ನಮ್ಮ ದೊಡ್ಡಪ್ಪನ ಮಗನಿಗೂ ಅಪೆಂಡಿಕ್ಸ್ ಆಪರೇಷನ್ನಿನಲ್ಲಿ ಹೀಗೇ ಆಯಿತು. ಐಸ್ ಇಟ್ಟು ಇಟ್ಟು ಉಳಿಸಿದರು. ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ಮಾತ್ರ ಜ್ವರ ಅಂತ ಒಂದೇ ಪದ. ತಂಗಿಯರ ಮದುವೆಗೆ ತೊಂದರೆ ಆಗುತ್ತೆ ಅಂತ ಮನೆಯವರೂ ಬಾಯಿ ಬಿಡಲಿಲ್ಲ. ಹನ್ನೆರಡು ವರ್ಷದ ಮೇಲೆ ಅವನ ಅಕ್ಕನ ಮಗಳಿಗೆ ಕೈಮೂಳೆ ಮುರಿದಾಗ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಾನು ಅರಿವಳಿಕೆ ಡಾಕ್ಟರನ್ನು ನಿಲ್ಲಿಸಿ ಎಲ್ಲ ಹೇಳಿದೆ. ಅವರು ಔಷಧಿಗಳನ್ನೆಲ್ಲ ಬದಲಿಸಿದರು. ಆ ಹುಡುಗಿಗೆ ಈಗ ಇಬ್ಬರು ಮಕ್ಕಳು.

ನಿಮ್ಮ ಅಣ್ಣನಿಗೆ ಆದದ್ದು ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಇರಬಹುದು. ಇದು ಮೊದಲು ಸರಿಯಾಗಿ ದಾಖಲಾದದ್ದು 1960ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಕಾಲು ಮುರಿದ 21 ವರ್ಷದ ಹುಡುಗನೊಬ್ಬ ಮುರಿದ ಕಾಲಿಗಿಂತ ಅರಿವಳಿಕೆಗೇ ಹೆಚ್ಚು ಹೆದರಿದ್ದ. ಅವನ ನೆಂಟರಲ್ಲಿ ಹತ್ತು ಜನ ಈಥರ್ ಕೊಟ್ಟಾಗ ಸತ್ತಿದ್ದರು. ಡೆನ್‌ಬರೋ ಮತ್ತು ಲವೆಲ್ ಅನ್ನುವ ಡಾಕ್ಟರುಗಳು ಅವನ ಮಾತನ್ನು ನಂಬಿ ಬರೆದಿಟ್ಟರು. ಮನೆಯವರ ಮಾತಿನಿಂದಲೇ ಈ ಕಾಯಿಲೆ ಬೆಳಕಿಗೆ ಬಂತು.

ಮೇಲೆ ಹೇಳಿದ ಬಾಗಿಲು ಇಂಥ ಕುಟುಂಬಗಳಲ್ಲಿ ಸ್ವಲ್ಪ ಸಡಿಲವಾಗಿರುತ್ತದೆ. ಬಹಳ ಜನರಲ್ಲಿ ದೋಷ ಇರುವುದು ರಯನೊಡಿನ್ ರಿಸೆಪ್ಟರಿನ ಜೀನ್‌ನಲ್ಲಿ, ಕೆಲವರಲ್ಲಿ ಸಿಎವಿ 1.1ರ ಜೀನ್‌ನಲ್ಲಿ. ದಿನನಿತ್ಯದ ಬದುಕಿನಲ್ಲಿ ಏನೂ ಗೊತ್ತಾಗದೆ ಇರಬಹುದು. ಹ್ಯಾಲೊಥೇನ್, ಐಸೊಫ್ಲೂರೇನ್, ಸೆವೊಫ್ಲೂರೇನ್‌ನಂಥ ಅರಿವಳಿಕೆ ಆವಿ, ಇಲ್ಲವೇ ಸಕ್ಸಿನೈಲ್‌ಕೋಲಿನ್ ಅನ್ನುವ ಇಂಜೆಕ್ಷನ್ ಕೊಟ್ಟಾಗ ಬಾಗಿಲು ತೆರೆದೇ ಉಳಿಯುತ್ತದೆ. ಸ್ನಾಯು ಬಿಗಿಯುತ್ತಲೇ ಇರುತ್ತದೆ, ಪಂಪು ಬಿಡದೆ ಓಡುತ್ತದೆ, ಆ ಕೆಲಸದ ಕಾವಿಗೆ ಮೈ ಸುಡುತ್ತದೆ. ಡಾಂಟ್ರೊಲಿನ್ ಅನ್ನುವ ಔಷಧಿ ಅದೇ ಪ್ರೋಟೀನಿಗೆ ಅಂಟಿ ಬಾಗಿಲು ಮುಚ್ಚಿಸುತ್ತದೆ. ಅದು ಬರುವ ಮೊದಲು ಈ ಸ್ಥಿತಿಗೆ ಹೋದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ.

ತಂದೆ ತಾಯಿಯಲ್ಲಿ ಒಬ್ಬರಿಗೆ ಈ ದೋಷ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಮಗುವಿಗಾಗಲಿ ನಿಮಗಾಗಲಿ ಹಿಂದೆ ಅರಿವಳಿಕೆ ಕೊಟ್ಟಾಗ ಏನೂ ಆಗಿಲ್ಲ ಅಂದ ಮಾತ್ರಕ್ಕೆ ನಿಶ್ಚಿಂತೆ ಬೇಡ, ಎರಡನೇ ಸಲ ಮೂರನೇ ಸಲ ಕಾಣಿಸಿಕೊಂಡದ್ದೂ ಇದೆ. ಆದರೆ ಆಪರೇಷನ್ನಿಗೆ ಹೆದರಿ ಮುಂದೂಡಬೇಕಾಗಿಲ್ಲ. ಪ್ರೊಪೊಫಾಲ್‌ನಂಥ, ಈ ಬಾಗಿಲನ್ನು ಕೆಣಕದ ಔಷಧಿಗಳಿವೆ. ಡಾಕ್ಟರಿಗೆ ಮುಂಚೆ ಗೊತ್ತಿರಬೇಕು, ಅಷ್ಟೇ. ಡಾಂಟ್ರೊಲಿನ್ ಕೈಗೆ ಸಿಗುವಂತೆ ಇದೆಯಾ ಅಂತಲೂ ಸಂಕೋಚ ಇಲ್ಲದೆ ಕೇಳಿ.

ನಿಮ್ಮ ಅಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರಿಗೆ ಈ ಉತ್ತರ ಓದಿ ಹೇಳಿ. ಆಮೇಲೆ ಒಂದು ಚೀಟಿ ಬರೆಯಿರಿ. ಸರ್ಜನ್‌ಗೆ ಹೇಳಿದರೆ ಸಾಲದು, ಚೀಟಿಯನ್ನು ಅರಿವಳಿಕೆ ಡಾಕ್ಟರ ಕೈಗೇ ಕೊಡಿ, ಇನ್ನೊಂದು ಪ್ರತಿ ಮಗುವಿನ ಫೈಲಿಗೆ ಪಿನ್ ಮಾಡಿಸಿ. ಹೀಗೆ ಬರೆಯಿರಿ:

"ಈ ಮಗುವಿನ ಸೋದರಮಾವನಿಗೆ ಅರಿವಳಿಕೆ ಕೊಟ್ಟಾಗ ದವಡೆ ಬಿಗಿದು, ಮೈ ಸೆಟೆದು, ಜ್ವರ ವಿಪರೀತ ಏರಿತ್ತು. ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಇರಬಹುದೆಂಬ ಅನುಮಾನವಿದೆ. ಅರಿವಳಿಕೆ ಆವಿ ಅಥವಾ ಸಕ್ಸಿನೈಲ್‌ಕೋಲಿನ್ ಕೊಡುವ ಮೊದಲು ದಯವಿಟ್ಟು ನನ್ನ ಜೊತೆ ಮಾತಾಡಿ."

ಕೆಳಗೆ ನಿಮ್ಮ ಫೋನ್ ನಂಬರ್, ಅಣ್ಣನ ಫೋನ್ ನಂಬರ್ ಎರಡನ್ನೂ ಬರೆಯಿರಿ.